ಕೋಟ್ಯಧಿಪತಿಯ ಸಾಕ್ಷಿಗೆ ಮೈಕು ಸಿಗುತ್ತದೆ, ಪ್ರಶ್ನೆ ಸಿಗುವುದಿಲ್ಲ: ಅಮೆರಿಕದ ಕ್ರೈಸ್ತ ಮಾಧ್ಯಮದ ಲೆಕ್ಕಾಚಾರ

ಮುದ್ರಣದೋಷ:
ಒಂದು ಬೈಬಲಿನಿಂದಲೇ ಶುರು ಮಾಡೋಣ. 2024ರ ಮಾರ್ಚ್‌ನಲ್ಲಿ, ಈಸ್ಟರ್‌ಗೆ ಇನ್ನು ಐದು ದಿನ ಇದೆ ಅನ್ನುವಾಗ, ಡೊನಾಲ್ಡ್ ಟ್ರಂಪ್ ಒಂದು ವಿಡಿಯೋ ಹಾಕಿ 'ಗಾಡ್ ಬ್ಲೆಸ್ ದ ಯುಎಸ್‌ಎ' ಬೈಬಲ್ ಕೊಂಡುಕೊಳ್ಳಿ ಅಂದರು. ಬೆಲೆ 59.99 ಡಾಲರ್. ಒಳಗಿರುವುದು ಕಿಂಗ್ ಜೇಮ್ಸ್ ಅನುವಾದ, ಅಂದರೆ ಅಮೆರಿಕದಲ್ಲಿ ಯಾರಿಗೂ ರಾಯಧನ ಕೊಡಬೇಕಿಲ್ಲದ ಪಠ್ಯ. ಅದರ ಹಿಂದೆ ಸಂವಿಧಾನ, ಸ್ವಾತಂತ್ರ್ಯ ಘೋಷಣೆ, ಒಂದು ಹಾಡಿನ ಪಲ್ಲವಿ.

ಮಾರಾಟದ ಜಾಲತಾಣದ ತಳದಲ್ಲಿ ಸಣ್ಣ ಅಕ್ಷರದ ಸಾಲುಗಳಿದ್ದವು: ಇದು ಟ್ರಂಪ್ ಒಡೆತನದ್ದಲ್ಲ, ಅವರ ಹೆಸರು ಮತ್ತು ಚಿತ್ರವನ್ನು ಸಿಐಸಿ ವೆಂಚರ್ಸ್ ಎಂಬ ಕಂಪನಿಯಿಂದ ಹಣ ಕೊಟ್ಟು ಪಡೆದ ಪರವಾನಗಿಯ ಮೇಲೆ ಬಳಸಲಾಗಿದೆ ಎಂದು. ಆಗಸ್ಟ್‌ನಲ್ಲಿ ಅವರೇ ಸಲ್ಲಿಸಿದ ಆಸ್ತಿ ವಿವರದಲ್ಲಿ ಈ ಬಾಬ್ತಿಗೆ 3,00,000 ಡಾಲರ್ ರಾಯಧನ ಕಾಣಿಸಿತು. ಅಕ್ಟೋಬರ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಆಮದು ದಾಖಲೆ ತೆಗೆದು ನೋಡಿತು. ಚೀನಾದ ಹಾಂಗ್‌ಝೌನಿಂದ ಹೆಚ್ಚುಕಡಿಮೆ 1,20,000 ಪ್ರತಿ ಬಂದಿದ್ದವು, ಒಂದಕ್ಕೆ ಬಿದ್ದ ಬೆಲೆ 3 ಡಾಲರ್‌ಗಿಂತ ಕಡಿಮೆ.

ಬೈಬಲಿನ ಕಾಗದ, ಹೊಲಿಗೆ, ಹೊದಿಕೆಗೆ ಎಷ್ಟು ಖರ್ಚು ಬೀಳುತ್ತದೆ ಅನ್ನುವುದು ಕ್ರೈಸ್ತ ಪ್ರಕಾಶನ ಲೋಕಕ್ಕೆ ಬಾಯಿಪಾಠ. ಆದರೂ ಲೆಕ್ಕ ಹಾಕಿ ಊರಿಗೆ ಹೇಳಿದ್ದು ಸುದ್ದಿಸಂಸ್ಥೆ. 1998ರಲ್ಲಿ ಕ್ಲಿಂಟನ್ ವಿಷಯಕ್ಕೆ ನಡತೆಯೇ ಮುಖ್ಯ ಎಂದು ಬೆಂಬಲಿಗರಿಗೆ ಪತ್ರ ಬರೆದ ಕ್ರೈಸ್ತ ರೇಡಿಯೋ ನಿರೂಪಕ ಜೇಮ್ಸ್ ಡಾಬ್ಸನ್, 2016ರಲ್ಲಿ ಟ್ರಂಪ್ ಬಗ್ಗೆ ವಿಶ್ವಾಸದಲ್ಲಿ ಇನ್ನೂ ಎಳೆಗೂಸು ಎಂಬ ಅರ್ಥದ ಮಾತಾಡಿದರು. ಒಂದನೆಯ ತಿಮೊಥೆ 3:6 ಹೊಸ ವಿಶ್ವಾಸಿಯನ್ನು ಸಭೆಯ ಮೇಲ್ವಿಚಾರಕನಾಗಿ ಮಾಡಬೇಡಿ ಅನ್ನುತ್ತದೆ. ಸಭೆಗೆ ಬೇಡವಾದವನು ದೇಶಕ್ಕೆ ಆಗಬಹುದೇ ಎಂದು ಮರುಪ್ರಶ್ನೆ ಹಾಕುವುದು ಸಂದರ್ಶಕರ ಕೆಲಸವಾಗಿತ್ತು.

ನನ್ನ ಪ್ರಶ್ನೆ ಇಷ್ಟೇ. 'ಸಾಕ್ಷಿ' ಹೇಳಲು, ಅಂದರೆ ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದನೆಂದು ಹೇಳಲು ಬರುವ ಶ್ರೀಮಂತರನ್ನು ಕ್ರೈಸ್ತ ಮಾಧ್ಯಮ ಪ್ರಶ್ನಿಸದಿರುವುದು ದೈವಶಾಸ್ತ್ರದ ತಪ್ಪೋ, ವ್ಯಾಪಾರದ ರಚನೆಯೋ?

ಹಳೇರೇಡಿಯೋ:
ರಚನೆ. ದೈವಶಾಸ್ತ್ರ ಆಮೇಲೆ ಬಂದು ಸೇರಿಕೊಳ್ಳುತ್ತೆ.

ಅಮೆರಿಕದ ರೇಡಿಯೋದಲ್ಲಿ ಮೊದಲು ಎರಡು ಥರದ ಧಾರ್ಮಿಕ ಕಾರ್ಯಕ್ರಮ ಇತ್ತು. ದೊಡ್ಡ ಜಾಲಗಳು ಮುಖ್ಯವಾಹಿನಿಯ ಪ್ರಾಟೆಸ್ಟೆಂಟ್, ಕ್ಯಾಥೊಲಿಕ್, ಯಹೂದಿ ಸಂಸ್ಥೆಗಳಿಗೆ ಪುಕ್ಕಟೆ ಸಮಯ ಕೊಡ್ತಿದ್ದವು. ಇವ್ಯಾಂಜೆಲಿಕಲ್‌ರು, ಅಂದರೆ ಬೈಬಲ್ಲೇ ಅಂತಿಮ, ಮನಪರಿವರ್ತನೆ ಆಗಲೇಬೇಕು ಅನ್ನೋ ಪ್ರಾಟೆಸ್ಟೆಂಟರು, ದುಡ್ಡು ಕೊಟ್ಟು ಕೊಳ್ಳಬೇಕಿತ್ತು, ಅದನ್ನೂ ಜಾಲಗಳು ಬಿಗಿ ಮಾಡತೊಡಗಿದಾಗ ಅವರು 1944ರಲ್ಲಿ ನ್ಯಾಷನಲ್ ರಿಲಿಜಿಯಸ್ ಬ್ರಾಡ್‌ಕಾಸ್ಟರ್ಸ್ ಸಂಘ ಕಟ್ಟಿಕೊಂಡರು. ತಿರುವು ಬಂದಿದ್ದು 1960ರಲ್ಲಿ. ಲೈಸೆನ್ಸ್ ಕೊಡುವ ಎಫ್‌ಸಿಸಿ ಏನು ಹೇಳ್ತು ಅಂದರೆ, ಪುಕ್ಕಟೆ ಕೊಟ್ಟರೂ ಸೈ, ಮಾರಿದರೂ ಸೈ, ಎರಡೂ ಸಾರ್ವಜನಿಕ ಹಿತದ ಲೆಕ್ಕಕ್ಕೆ ಬರುತ್ತೆ. ಮಾರಬಹುದಾದದ್ದನ್ನು ಯಾರು ಪುಕ್ಕಟೆ ಕೊಡ್ತಾರೆ? ನೋಡನೋಡುತ್ತ ಭಾನುವಾರದ ಬೆಳಗು ಕೊಳ್ಳುವ ಶಕ್ತಿ ಇದ್ದವರ ಪಾಲಾಯಿತು.

ಈಗ ಬಿಲ್ಲು ಯಾರು ಕಟ್ಟಬೇಕು? ನೋಡುಗರು. ಪ್ಯಾಟ್ ರಾಬರ್ಟ್‌ಸನ್ ಅವರ ಕ್ರಿಶ್ಚಿಯನ್ ಬ್ರಾಡ್‌ಕಾಸ್ಟಿಂಗ್ ನೆಟ್‌ವರ್ಕ್ 1963ರಲ್ಲಿ 700 ಜನ ತಿಂಗಳಿಗೆ 10 ಡಾಲರ್ ಕೊಡಿ ಅಂತ ಕೇಳ್ತು. 7,000 ಡಾಲರ್ ಬಂದರೆ ಸ್ಟೇಷನ್ ನಡೆಯುತ್ತೆ ಅನ್ನೋ ಲೆಕ್ಕ. '700 ಕ್ಲಬ್' ಹೆಸರು ಹುಟ್ಟಿದ್ದೇ ಹಾಗೆ. ಅಲ್ಲಿಂದ 1988ಕ್ಕೆ ಅದೇ ರಾಬರ್ಟ್‌ಸನ್ ಅಧ್ಯಕ್ಷ ಸ್ಥಾನಕ್ಕೆ ನಿಂತು, ಅಯೋವಾದ ಮೊದಲ ಸುತ್ತಿನಲ್ಲಿ ಜಾರ್ಜ್ ಬುಷ್ ಅವರನ್ನ ಮೂರನೇ ಸ್ಥಾನಕ್ಕೆ ತಳ್ಳಿ ಎರಡನೆಯವರಾಗಿ ಬಂದರು.

ಇನ್ನು ಸ್ಟುಡಿಯೋ ಒಳಗೆ ಬನ್ನಿ. ವಾರಕ್ಕೆ ಐದು ಕಂತು ಅಂದರೆ ವರ್ಷಕ್ಕೆ 260. ಕಂತಿಗೆ ಇಬ್ಬರು ಅತಿಥಿ ಅಂದರೂ 520 ಕುರ್ಚಿ ತುಂಬಬೇಕು. ಅಷ್ಟು ಜನರನ್ನು ಹುಡುಕಿ, ಹಿನ್ನೆಲೆ ನೋಡಿ, ಕೋರ್ಟ್ ದಾಖಲೆ ತಿರುವಿ ಹಾಕೋಕೆ ಮೂರ್ನಾಲ್ಕು ಜನರ ತಂಡಕ್ಕೆ ಆಗೋ ಮಾತಲ್ಲ. ಆಗ ಕೈಗೆ ಸಿಗೋದು ಪ್ರಕಾಶಕರ ಪ್ರಚಾರ ವಿಭಾಗದ ಕವರ್: ಒಂದು ಪುಸ್ತಕ, ಒಂದು ಪುಟದ ಪರಿಚಯ, ಹತ್ತು 'ಸೂಚಿತ ಪ್ರಶ್ನೆಗಳು'. ನಿರೂಪಕರ ಕೈಯಲ್ಲಿರೋ ಕಾರ್ಡು ಎಷ್ಟೋ ಸಲ ಅದೇ ಹಾಳೆಯ ನಕಲು. 'ದಿವಾಳಿ ಅಂಚಿನಲ್ಲಿದ್ದಾಗ ದೇವರು ಏನು ಹೇಳಿದ?' ಅಂತ ಕೇಳ್ತಾರೆ. ದಿವಾಳಿ ಅರ್ಜಿಯಲ್ಲಿ ಸಾಲ ಕೊಟ್ಟವರಿಗೆ ಎಷ್ಟು ಬಾಕಿ ಇತ್ತು ಅನ್ನೋ ಪ್ರಶ್ನೆ ಆ ಹತ್ತರಲ್ಲಿ ಇರಲ್ಲ.

ಎದುರುದನಿ:
ಇದನ್ನು ಕ್ರೈಸ್ತ ಮಾಧ್ಯಮದ ತಲೆಗೇ ಯಾಕೆ ಕಟ್ಟುತ್ತೀರಿ? ಟ್ರಂಪ್ ಅವರನ್ನು ಯಶಸ್ವಿ ಉದ್ಯಮಿಯ ವೇಷದಲ್ಲಿ ಮನೆಮನೆಗೆ ತಲುಪಿಸಿದ್ದು 2004ರಿಂದ ಎನ್‌ಬಿಸಿಯ 'ದಿ ಅಪ್ರೆಂಟಿಸ್'. ಅದು ಸೆಕ್ಯುಲರ್ ಜಾಲ.

ಇನ್ನೊಂದು ಮಾತು, ಇವ್ಯಾಂಜೆಲಿಕಲ್ ಮತದಾರರು ಮರುಳಾದರು ಎಂಬ ವಿವರಣೆ ಅವರಿಗೆ ಅವಮಾನ. 2016ರ ಮೇ ತಿಂಗಳಲ್ಲಿ ಟ್ರಂಪ್ ಸುಪ್ರೀಂ ಕೋರ್ಟಿಗೆ ಪರಿಗಣಿಸಬಹುದಾದ 11 ನ್ಯಾಯಾಧೀಶರ ಪಟ್ಟಿ ಬಿಡುಗಡೆ ಮಾಡಿದರು. 2022ರ ಡಾಬ್ಸ್ ತೀರ್ಪಿನಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕು ಹೋಯಿತು. ಕೇಳಿದ್ದು ಸಿಕ್ಕಿತು. ನಿಮಗೆ ಒಪ್ಪಿಗೆಯಾಗದಿರಬಹುದು, ಆದರೆ ಅದು ಕಣ್ಣು ಬಿಟ್ಟುಕೊಂಡು ಮಾಡಿದ ವ್ಯವಹಾರ.

ಮುದ್ರಣದೋಷ:
@ಎದುರುದನಿ ಮತದಾರ ವ್ಯವಹಾರ ಮಾಡಿದ, ಸರಿ, ಅದು ಅವನ ಹಕ್ಕು. ಪತ್ರಿಕೆ ಆ ವ್ಯವಹಾರವನ್ನು 'ಪ್ರವಾದನೆ' ಎಂದು ಅಚ್ಚು ಹಾಕಿದರೆ? ಯೆಶಾಯ 45ನೇ ಅಧ್ಯಾಯದಲ್ಲಿ ಕೋರೆಷ ರಾಜ ಇದ್ದಾನೆ, ಟ್ರಂಪ್ 45ನೇ ಅಧ್ಯಕ್ಷ, ಆದ್ದರಿಂದ ಇವರೇ ಕೋರೆಷ ಎಂದು ಲ್ಯಾನ್ಸ್ ವಾಲ್‌ನೋ ಮುಂತಾದ ಬೋಧಕರು ಹಬ್ಬಿಸಿದರು. ಕೋರೆಷನು ಯೆಹೋವನನ್ನು ಅರಿಯದ ಪರದೇಶಿ ಅರಸ. ಹಾಗಾಗಿ ಆ ಹೋಲಿಕೆಯಲ್ಲಿ ನಡತೆಯ ಪ್ರಶ್ನೆಗೆ ಜಾಗವೇ ಉಳಿಯಲಿಲ್ಲ. ಬಲು ಚತುರ ಏರ್ಪಾಡು. ಆದರೆ 2020ರಲ್ಲಿ ಗೆದ್ದೇ ಗೆಲ್ಲುತ್ತಾರೆ ಎಂದು ಪ್ರವಾದಿಸಿದವರನ್ನು ಫಲಿತಾಂಶದ ನಂತರ ಕೂರಿಸಿ ಏನಾಯಿತು ಎಂದು ಕೇಳುವ ಧೈರ್ಯ ಆ ವೇದಿಕೆಗಳಲ್ಲಿ ಬಹಳ ಕಡಿಮೆ ಕಂಡಿತು.

ಉದ್ಯಮಿಯ ಋಣ ಹೊಸದೂ ಅಲ್ಲ. 'ಫಂಡಮೆಂಟಲಿಸ್ಟ್' ಪದಕ್ಕೆ ಮೂಲವಾದ 'ದಿ ಫಂಡಮೆಂಟಲ್ಸ್' ಪುಸ್ತಿಕೆಗಳು 1910ರಿಂದ 1915ರವರೆಗೆ 12 ಸಂಪುಟ ಬಂದವು, ಪುಕ್ಕಟೆ ಹಂಚಲು. ದುಡ್ಡು ಯೂನಿಯನ್ ಆಯಿಲ್‌ನ ಲೈಮನ್ ಸ್ಟೀವರ್ಟ್ ಅವರದು. 1956ರಲ್ಲಿ ಬಿಲ್ಲಿ ಗ್ರಹಾಂ ಮುಂದಾಳತ್ವದಲ್ಲಿ 'ಕ್ರಿಶ್ಚಿಯಾನಿಟಿ ಟುಡೇ' ಹೊರಟಾಗ ಬೆನ್ನಿಗೆ ನಿಂತದ್ದು ಸನ್ ಆಯಿಲ್‌ನ ಜೆ. ಹೊವಾರ್ಡ್ ಪ್ಯೂ. 1951ರಲ್ಲಿ ಹೈನುಗಾರಿಕೆಯ ಉದ್ಯಮಿ ಡೆಮೊಸ್ ಶಕಾರಿಯನ್ ಲಾಸ್ ಏಂಜಲೀಸ್‌ನ ಒಂದು ಕೆಫೆಟೇರಿಯಾದಲ್ಲಿ ಉದ್ಯಮಿಗಳ ಸಾಕ್ಷಿಕೂಟ ಶುರು ಮಾಡಿದರು, ಫುಲ್ ಗಾಸ್ಪೆಲ್ ಬಿಸಿನೆಸ್ ಮೆನ್ಸ್ ಫೆಲೋಶಿಪ್. ತಿಂಡಿ, ಹಾಡು, ಯಶಸ್ವಿ ವ್ಯಾಪಾರಿಯ ಸಾಕ್ಷಿ. ಇವತ್ತಿನ ಟಾಕ್ ಷೋದ ಅಚ್ಚು ಅದೇ. ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ ಅವರ ನ್ಯೂಯಾರ್ಕ್ ಸಭೆಗೆ ಟ್ರಂಪ್ ಕುಟುಂಬ ಹೋಗುತ್ತಿತ್ತು, ಡೊನಾಲ್ಡ್ ಟ್ರಂಪ್ ಅವರ 1977ರ ಮದುವೆ ಮಾಡಿಸಿದ್ದೂ ಪೀಲ್. ಅವರೇ 1945ರಲ್ಲಿ 'ಗೈಡ್‌ಪೋಸ್ಟ್ಸ್' ಪತ್ರಿಕೆ ಸ್ಥಾಪಿಸಿದವರು.

ಲೆಕ್ಕಪತ್ರ:
ಎರಡು ಪ್ರಕರಣಗಳ ಅಂಕಿ ಇಡುತ್ತೇನೆ. ರಾಜಕೀಯ ಬದಿಗಿರಲಿ.

ಮೊದಲನೆಯದು ಟಿವಿ ಬೋಧಕ ಜಿಮ್ ಬೇಕರ್ ಅವರ ಪಿಟಿಎಲ್ ಎಂಬ ಕ್ರೈಸ್ತ ಟಿವಿ ಸಂಸ್ಥೆ. ದಕ್ಷಿಣ ಕ್ಯಾರೊಲಿನಾದ ಫೋರ್ಟ್ ಮಿಲ್‌ನಲ್ಲಿ ಹೆರಿಟೇಜ್ ಯುಎಸ್‌ಎ ಎಂಬ ವಿಹಾರಧಾಮ. 1,000 ಡಾಲರ್ ಕೊಟ್ಟರೆ 'ಆಜೀವ ಪಾಲುದಾರ', ಪ್ರತಿ ವರ್ಷ ಮೂರು ರಾತ್ರಿ ಪುಕ್ಕಟೆ ವಾಸ. ಗ್ರ್ಯಾಂಡ್ ಹೋಟೆಲಿನಲ್ಲಿ ಇದ್ದದ್ದು ಸುಮಾರು 500 ಕೋಣೆ. 500 × 365 = 1,82,500 ಕೋಣೆ-ರಾತ್ರಿ. ಹಣ ಕೊಡುವ ಗಿರಾಕಿಗೆ ಒಂದೂ ಕೊಡದೆ ಎಲ್ಲವನ್ನೂ ಪಾಲುದಾರರಿಗೇ ಬಿಟ್ಟರೂ 60,833 ಜನಕ್ಕೆ ಸಾಲುತ್ತದೆ. ಅರ್ಧ ಬಿಟ್ಟರೆ ಸುಮಾರು 30,000. ಟಿವಿಯಲ್ಲಿ ಹೇಳಿದ ಮಿತಿ 25,000, ಅದು ನ್ಯಾಯವಾಗಿಯೇ ಇತ್ತು. ಮಾರಿದ್ದು 66,000ಕ್ಕೂ ಹೆಚ್ಚು. ಎಲ್ಲ ಯೋಜನೆಗಳೂ ಸೇರಿ ಸುಮಾರು 1,53,000 ಪಾಲುದಾರಿಕೆ, ಕನಿಷ್ಠ 15.8 ಕೋಟಿ ಡಾಲರ್.

ಹಾಳೆ, ಪೆನ್ಸಿಲ್ ಇದ್ದ ಯಾರಾದರೂ ಹಾಕಬಹುದಾದ ಲೆಕ್ಕ. ವರ್ಷಗಟ್ಟಲೆ ಬೆನ್ನು ಹತ್ತಿ ಪಿಟಿಎಲ್ ಹಣದ ಅವ್ಯವಹಾರ ಬಯಲು ಮಾಡಿದ್ದು 'ಷಾರ್ಲಟ್ ಅಬ್ಸರ್ವರ್' ಎಂಬ ಊರಿನ ದಿನಪತ್ರಿಕೆ, 1988ರ ಪುಲಿಟ್ಜರ್ ಅದಕ್ಕೆ ಬಂತು. 1989ರಲ್ಲಿ ಬೇಕರ್ ಮೇಲಿನ 24 ಆರೋಪಗಳೂ ಸಾಬೀತಾಗಿ 45 ವರ್ಷ ಶಿಕ್ಷೆ. ಮೇಲ್ಮನವಿಯಲ್ಲಿ ಅಪರಾಧ ನಿಂತಿತು, ಶಿಕ್ಷೆ ನಿಲ್ಲಲಿಲ್ಲ, ಏಕೆಂದರೆ ಶಿಕ್ಷೆ ಓದುವಾಗ ನ್ಯಾಯಾಧೀಶರು ತಮ್ಮ ಸ್ವಂತ ಧರ್ಮಭಾವನೆ ಎಳೆದು ತಂದಿದ್ದರು. ಕೊನೆಗೆ 8 ವರ್ಷಕ್ಕೆ ಇಳಿದು 1994ರಲ್ಲಿ ಬಿಡುಗಡೆ. ಆಮೇಲೂ ಅವರಿಗೆ ಚಾನೆಲ್ ಸಿಕ್ಕಿತು. 2020ರಲ್ಲಿ ಬೆಳ್ಳಿ ದ್ರಾವಣವನ್ನು ಕೊರೊನಾ ಹೆಸರಲ್ಲಿ ಮಾರಿದ ಬಗ್ಗೆ ಮಿಸೌರಿ ಸರ್ಕಾರ ದಾವೆ ಹೂಡಿತು, 2021ರಲ್ಲಿ ಸುಮಾರು 1,56,000 ಡಾಲರ್ ಗ್ರಾಹಕರಿಗೆ ಹಿಂತಿರುಗಿಸುವ ರಾಜಿ ಆಯಿತು, ತಪ್ಪೊಪ್ಪಿಗೆ ಇಲ್ಲದೆ.

ಎರಡನೆಯದು ನ್ಯೂ ಎರಾ ಫಿಲಾಂತ್ರಪಿ. ಫಿಲಡೆಲ್ಫಿಯಾ ಬಳಿಯ ಜಾನ್ ಬೆನೆಟ್ ಎಂಬವರ ಪ್ರತಿಷ್ಠಾನ. ಕ್ರೈಸ್ತ ಕಾಲೇಜು, ಮಿಷನ್ ಸಂಸ್ಥೆಗಳಿಗೆ ಹೇಳಿದ್ದು: ಹಣವನ್ನು ಆರು ತಿಂಗಳು ನಮ್ಮಲ್ಲಿಡಿ, ಹೆಸರು ಹೇಳಲಿಚ್ಛಿಸದ ದಾನಿಗಳು ಅಷ್ಟೇ ಹಣ ಸೇರಿಸುತ್ತಾರೆ, ಇಮ್ಮಡಿಯಾಗಿ ವಾಪಸ್. ಲಾರೆನ್ಸ್ ರಾಕ್‌ಫೆಲರ್, ಮಾಜಿ ಹಣಕಾಸು ಕಾರ್ಯದರ್ಶಿ ವಿಲಿಯಂ ಸೈಮನ್ ಅಂಥವರೇ ಹಣ ಕೊಟ್ಟಿದ್ದಾರೆ ಎಂಬ ಮಾತು ಸಾಕಾಯಿತು. ಸಂಸ್ಥೆಯೊಂದು ಸೇರಿದ್ದನ್ನು ನೋಡಿ ಇನ್ನೊಂದು ಸೇರಿತು. ಮೊದಲು ಬಂದವರಿಗೆ ನಿಜವಾಗಿಯೂ ಇಮ್ಮಡಿ ಬಂತು, ಹಿಂದಿನಿಂದ ಬಂದವರ ದುಡ್ಡಿನಲ್ಲಿ.

ಹಿಡಿದವರು ಮಿಷಿಗನ್‌ನ ಸ್ಪ್ರಿಂಗ್ ಆರ್ಬರ್ ಎಂಬ ಸಣ್ಣ ಕ್ರೈಸ್ತ ಕಾಲೇಜಿನ ಅಕೌಂಟಿಂಗ್ ಅಧ್ಯಾಪಕ ಆಲ್ಬರ್ಟ್ ಮೇಯರ್. ಅವರು ಪ್ರತಿಷ್ಠಾನದ ತೆರಿಗೆ ಪತ್ರ ತರಿಸಿ ಬಡ್ಡಿ ಆದಾಯದ ಸಾಲು ನೋಡಿದರು. ಕೋಟಿಗಟ್ಟಲೆ ಹಣ ಆರು ತಿಂಗಳು ಖಜಾನೆ ಪತ್ರಗಳಲ್ಲಿ ಕುಳಿತಿದ್ದರೆ ಬಡ್ಡಿ ಬಂದಿರಲೇಬೇಕು. ಅಲ್ಲಿದ್ದ ಮೊತ್ತ ಅದಕ್ಕೆ ಯಾವ ತಾಳೆಯೂ ಆಗದಷ್ಟು ಚಿಕ್ಕದು. ಹಾಗಾದರೆ ಹಣ ಎಲ್ಲೂ ಕುಳಿತಿಲ್ಲ. ಅವರ ಕಾಲೇಜೇ ಅಲ್ಲಿ ಹಣ ಇಟ್ಟಿತ್ತು, ಅವರ ಮಾತು ಯಾರಿಗೂ ರುಚಿಸಲಿಲ್ಲ. 1995ರ ಮೇಯಲ್ಲಿ ಎಲ್ಲ ಕುಸಿಯಿತು, ಅನಾಮಿಕ ದಾನಿಗಳು ಇರಲೇ ಇಲ್ಲ ಎಂದು ಬೆನೆಟ್ ಒಪ್ಪಿದರು. 1997ರಲ್ಲಿ 12 ವರ್ಷ ಜೈಲು.

ಕುಡ್ಲದಓದುಗ:
ಮಾರಾಯ್ರೆ, ಇದು ನಮ್ಮೂರ ಚಿಟ್ ಫಂಡಿನ ಕಥೆಯೇ ಆಯ್ತಲ್ಲ, ಪ್ರಾರ್ಥನೆ ಒಂದು ಹೆಚ್ಚಿಗೆ ಅಷ್ಟೆ. @ಲೆಕ್ಕಪತ್ರ ಅವ್ರೇ, ಆ ತೆರಿಗೆ ಪತ್ರ ಈಗ ನಮಗೂ ನೋಡ್ಲಿಕ್ಕೆ ಸಿಗ್ತದಾ? ಎಲ್ಲಿಂದ ಶುರು ಮಾಡುವುದು?

ಲೆಕ್ಕಪತ್ರ:
ಸಿಗುತ್ತದೆ, ದುಡ್ಡೂ ಕೊಡಬೇಕಿಲ್ಲ. ಹೆಸರು 'ಫಾರಂ 990'. ಅಮೆರಿಕದ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಅಥವಾ ಪ್ರೊಪಬ್ಲಿಕಾದ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್‌ನಲ್ಲಿ ಸಂಸ್ಥೆಯ ಹೆಸರು ಹಾಕಿ. ಒಂದೆರಡು ವರ್ಷ ಹಿಂದಿನದು ಬರುತ್ತದೆ, ಹಾಗಾಗಿ ನಿನ್ನೆಯ ಹಗರಣ ಅದರಲ್ಲಿ ಇರುವುದಿಲ್ಲ.

ಮೊದಲ ಪುಟದ ಒಟ್ಟು ಆದಾಯ ನೋಡಿ ದಂಗಾಗಿ ಮುಚ್ಚಿಡಬೇಡಿ, ಭಾಗ 7ಕ್ಕೆ ಹೋಗಿ. ಅಲ್ಲಿ ಅಧಿಕಾರಿಗಳ ಸಂಬಳ. ಒಂದೇ ಮನೆತನದ ಹೆಸರು ಎಷ್ಟು ಸಲ ಬರುತ್ತದೆ ಎಣಿಸಿ. ಅದೇ ಭಾಗದ 'ಬಿ' ವಿಭಾಗದಲ್ಲಿ 1,00,000 ಡಾಲರ್ ಮೀರಿ ಹಣ ಪಡೆದ ಹೊರಗಿನ ಐದು ಗುತ್ತಿಗೆದಾರರು. ಅಂಚೆ ಮನವಿ ಕಳಿಸುವ ಕಂಪನಿ, ಟಿವಿ ಸಮಯ ಖರೀದಿಸಿಕೊಡುವ ಏಜೆನ್ಸಿ ಇದ್ದರೆ ಇಲ್ಲೇ ಕಾಣುತ್ತವೆ. ಆ ಕಂಪನಿ ಸಂಸ್ಥಾಪಕರ ಅಳಿಯನದ್ದೇ ಎಂದು ತಿಳಿಯಬೇಕಿದ್ದರೆ 'ಎಲ್' ಅನುಬಂಧ. ಭಾಗ 9ರ 26ನೇ ಸಾಲನ್ನು ಬಹಳ ಜನ ಹಾರಿಸುತ್ತಾರೆ. ಹಣ ಕೇಳುವ ಪತ್ರದ ಖರ್ಚನ್ನು 'ಬೋಧನೆಯೂ ಹೌದು' ಎಂದು ಪಾಲು ಮಾಡಿದ್ದರೆ ಅದು ಅಲ್ಲಿ ಬರುತ್ತದೆ. ಅದು ದೊಡ್ಡದಿದ್ದಷ್ಟೂ, ಕಾರ್ಯಕ್ರಮಗಳಿಗೆ ಶೇಕಡಾ ಇಷ್ಟು ಖರ್ಚಾಗಿದೆ ಎಂಬ ಅವರ ಜಾಹೀರಾತನ್ನು ಅನುಮಾನದಿಂದಲೇ ಓದಿ.

ತೊಡಕು ಏನೆಂದರೆ ಚರ್ಚುಗಳು 990 ಸಲ್ಲಿಸಬೇಕಿಲ್ಲ. ಹಾಗಾಗಿ ಕೆಲವು ಮಾಧ್ಯಮ ಸಂಸ್ಥೆಗಳೂ ರಾಜಕೀಯ ಒತ್ತಡ ಗುಂಪುಗಳೂ ತಾವು 'ಚರ್ಚು' ಅಥವಾ 'ಚರ್ಚುಗಳ ಒಕ್ಕೂಟ' ಎಂದು ಬದಲಾಯಿಸಿಕೊಂಡಿವೆ. ಡಾಬ್ಸನ್ ಸ್ಥಾಪಿಸಿದ ಫೋಕಸ್ ಆನ್ ದ ಫ್ಯಾಮಿಲಿ ಹಾಗೆ ಮಾಡಿತು, ವಾಷಿಂಗ್ಟನ್ನಿನ ಫ್ಯಾಮಿಲಿ ರಿಸರ್ಚ್ ಕೌನ್ಸಿಲ್ 2020ರಲ್ಲಿ ಮಾಡಿತು. ಕಾನೂನಿನಲ್ಲಿ ಅವಕಾಶ ಇದೆ, ಓದುಗನ ಕಿಟಕಿ ಮಾತ್ರ ಮುಚ್ಚಿತು.

ಹೊರಗಿನ ಮುದ್ರೆ ಬೇಕಿದ್ದರೆ, ಕ್ರೈಸ್ತ ಸಂಸ್ಥೆಗಳ ಹಣಕಾಸು ಶಿಸ್ತಿಗೆ ಮುದ್ರೆ ಕೊಡುವ, 1979ರಿಂದ ಇರುವ ಇಸಿಎಫ್‌ಎ ಎಂಬ ಸಂಘದ ಸದಸ್ಯತ್ವ. ಅದು ಕೇರಳ ಮೂಲದ ಕೆ.ಪಿ. ಯೋಹನ್ನಾನ್ ಅವರ ಗಾಸ್ಪೆಲ್ ಫಾರ್ ಏಷ್ಯಾದ ಸದಸ್ಯತ್ವವನ್ನು 2015ರಲ್ಲಿ ಕೊನೆಗೊಳಿಸಿತು. ದಾನಿಗಳು ಹೂಡಿದ ದಾವೆ 2019ರಲ್ಲಿ 3.7 ಕೋಟಿ ಡಾಲರ್‌ಗೆ ರಾಜಿಯಾಯಿತು, ಸಂಸ್ಥೆ ತಪ್ಪು ಒಪ್ಪಲಿಲ್ಲ. ಆದರೆ ಅಲ್ಲಿಯವರೆಗೆ ವರ್ಷಗಟ್ಟಲೆ ಆ ಮುದ್ರೆ ಇತ್ತು ಎಂಬುದನ್ನೂ ಮರೆಯಬೇಡಿ.

ಹಳೇರೇಡಿಯೋ:
ರಾಜಕೀಯದ ಬದಿಯಿಂದ ಎರಡು ಉದಾಹರಣೆ.

ಪೆನ್ಸಿಲ್ವೇನಿಯಾದ ರೆಡ್ ಲಯನ್ ಅನ್ನೋ ಊರಲ್ಲಿ ಒಂದು ಕ್ರೈಸ್ತ ಸ್ಟೇಷನ್. 1964ರಲ್ಲಿ ಪ್ರಚಾರಕ ಬಿಲ್ಲಿ ಜೇಮ್ಸ್ ಹಾರ್ಗಿಸ್ 15 ನಿಮಿಷದ ಸಮಯ ಕೊಂಡು, ಆ ವರ್ಷದ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಗೋಲ್ಡ್‌ವಾಟರ್ ವಿರುದ್ಧ ಪುಸ್ತಕ ಬರೆದಿದ್ದ ಪತ್ರಕರ್ತ ಫ್ರೆಡ್ ಕುಕ್ ಅವರನ್ನು ಜಾಡಿಸಿದರು. ಆ 15 ನಿಮಿಷದ ದರ ಏಳೂವರೆ ಡಾಲರ್. ಕುಕ್ ಉತ್ತರ ಕೊಡೋಕೆ ಪುಕ್ಕಟೆ ಸಮಯ ಕೇಳಿದರೆ ಸ್ಟೇಷನ್ನಿನವರು ದರಪಟ್ಟಿ ತೋರಿಸಿದರು. 1969ರಲ್ಲಿ ಸುಪ್ರೀಂ ಕೋರ್ಟ್ ಕುಕ್ ಪರ ನಿಂತಿತು. 1987ರಲ್ಲಿ ಎಫ್‌ಸಿಸಿ, ವಿವಾದದ ವಿಷಯದಲ್ಲಿ ಎರಡೂ ಕಡೆಗೆ ಜಾಗ ಕೊಡಬೇಕು ಅನ್ನೋ ಸಮತೋಲನದ ನಿಯಮವನ್ನೇ ತೆಗೆದುಹಾಕ್ತು. ಅಲ್ಲಿಂದ ಮುಂದೆ ಎದುರು ವಾದದವರನ್ನ ಕರೆಯೋ ಬಾಧ್ಯತೆ ಇಲ್ಲ.

ಇನ್ನೊಂದು ಸೇಲಂ ಮೀಡಿಯಾ. ಬೋಧಕರಿಗೆ ಗಂಟೆ ಲೆಕ್ಕದಲ್ಲಿ ಸಮಯ ಮಾರುವ ಕ್ರೈಸ್ತ ರೇಡಿಯೋ ಒಂದು ಕೈಯಲ್ಲಿ, ಬಲಪಂಥೀಯ ರಾಜಕೀಯ ಟಾಕ್ ರೇಡಿಯೋ ಇನ್ನೊಂದು ಕೈಯಲ್ಲಿ. 2020ರ ಚುನಾವಣೆಯಲ್ಲಿ ಮೋಸ ಆಯ್ತು ಅನ್ನೋ '2000 ಮ್ಯೂಲ್ಸ್' ಸಿನಿಮಾ, ಪುಸ್ತಕ ಎರಡನ್ನೂ ಹೊರತಂದಿದ್ದು ಇವರೇ. ಅದರಲ್ಲಿ ಜಾರ್ಜಿಯಾದ ಒಬ್ಬ ಮತದಾರ ಪೆಟ್ಟಿಗೆಗೆ ಮತಪತ್ರ ಹಾಕೋ ದೃಶ್ಯ, ಹಿನ್ನೆಲೆ ದನಿಯಲ್ಲಿ ಅಪರಾಧ ಅನ್ನೋ ಮಾತು. ಆತ ಹಾಕಿದ್ದು ತನ್ನ ಮನೆಯವರದ್ದೇ ಮತಪತ್ರ, ರಾಜ್ಯದ ತನಿಖೆ ಅದನ್ನ ಸ್ಪಷ್ಟ ಮಾಡಿತ್ತು. ದಾವೆ ಬಿತ್ತು. 2024ರ ಮೇ ಕೊನೆಗೆ ಸೇಲಂ ಕ್ಷಮೆ ಕೇಳಿ ಸಿನಿಮಾ, ಪುಸ್ತಕದ ವಿತರಣೆ ನಿಲ್ಲಿಸ್ತು. ತನಿಖಾಧಿಕಾರಿಗೆ ಒಂದು ಫೋನು ಮಾಡಿದ್ದರೆ ಮುಗಿಯೋ ಕೆಲಸ.

ಎದುರುದನಿ:
ರೆಡ್ ಲಯನ್, ಸೇಲಂ ಎರಡೂ ಒಪ್ಪಿದೆ. ಆದರೆ 'ಕ್ರೈಸ್ತ ಮಾಧ್ಯಮ' ಎಂದು ಒಂದೇ ಬುಟ್ಟಿಗೆ ಹಾಕಬೇಡಿ. 'ವರ್ಲ್ಡ್' ಪತ್ರಿಕೆ 1998ರಲ್ಲಿ ಕ್ಲಿಂಟನ್ ರಾಜೀನಾಮೆ ಕೇಳಿತ್ತು, 2016ರ ಅಕ್ಟೋಬರ್‌ನಲ್ಲಿ ಮಾರ್ವಿನ್ ಒಲಾಸ್ಕಿ ಸಂಪಾದಕತ್ವದಲ್ಲಿ ಟ್ರಂಪ್ ಕಣದಿಂದ ಸರಿಯಲಿ ಎಂದೂ ಬರೆಯಿತು. ಅದೇ ಅಳತೆಗೋಲು. 2019ರ ಡಿಸೆಂಬರ್ 19ರಂದು 'ಕ್ರಿಶ್ಚಿಯಾನಿಟಿ ಟುಡೇ' ಸಂಪಾದಕ ಮಾರ್ಕ್ ಗ್ಯಾಲಿ ಅಧ್ಯಕ್ಷರನ್ನು ಹುದ್ದೆಯಿಂದ ತೆಗೆಯಬೇಕು ಎಂದು ಬರೆದರು. ತೈಲ ಕುಬೇರನ ದುಡ್ಡಿನಲ್ಲಿ ಹುಟ್ಟಿದ ಪತ್ರಿಕೆ ಅದು, @ಮುದ್ರಣದೋಷ.

ಮುದ್ರಣದೋಷ:
ಒಪ್ಪಿದೆ, ಅವು ಅಪವಾದಗಳೇ. ಆದರೆ ಮುಂದೇನಾಯಿತು ನೋಡಿ. ಗ್ಯಾಲಿ ಜನವರಿ 3ಕ್ಕೆ ನಿವೃತ್ತರಾಗುವುದು ಮೊದಲೇ ನಿಗದಿಯಾಗಿತ್ತು, ಕಳೆದುಕೊಳ್ಳಲು ಉಳಿದದ್ದು ಎರಡು ವಾರ. ಸುಮಾರು 200 ಇವ್ಯಾಂಜೆಲಿಕಲ್ ಮುಖಂಡರು ಖಂಡನಾ ಪತ್ರಕ್ಕೆ ಸಹಿ ಹಾಕಿದರು. 'ಕ್ರಿಶ್ಚಿಯನ್ ಪೋಸ್ಟ್' ಗ್ಯಾಲಿಯವರನ್ನು ಟೀಕಿಸುವ ಸಂಪಾದಕೀಯ ಹಾಕಲು ಹೊರಟಾಗ ಅದರ ರಾಜಕೀಯ ಸಂಪಾದಕ ಕೆಲಸ ಬಿಟ್ಟರು. ಒಲಾಸ್ಕಿ 2021ರಲ್ಲಿ 'ವರ್ಲ್ಡ್' ಬಿಟ್ಟರು, ವರದಿಗಾರಿಕೆಯ ಪಕ್ಕದಲ್ಲಿ ತಮ್ಮ ಕೈಗೆ ಸಿಗದ ಅಭಿಪ್ರಾಯ ವಿಭಾಗ ತೆರೆದರೆಂದು.

ಇದರ ಜೊತೆ 1954ರ ಜಾನ್ಸನ್ ತಿದ್ದುಪಡಿಯ ಕಥೆ ಸೇರಿಸಿ. ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆ ಅಭ್ಯರ್ಥಿಯ ಪರ ಪ್ರಚಾರ ಮಾಡುವಂತಿಲ್ಲ. 2025ರ ಜುಲೈನಲ್ಲಿ, ಮೇಲೆ ಹೇಳಿದ ಅದೇ 1944ರ ಪ್ರಸಾರಕರ ಸಂಘ ಹೂಡಿದ ದಾವೆಯಲ್ಲಿ ತೆರಿಗೆ ಇಲಾಖೆಯೇ ಜಂಟಿ ಅರ್ಜಿಗೆ ಸಹಿ ಹಾಕಿತು: ಪಾಸ್ಟರ್ ತನ್ನ ಸಭೆಗೆ ಆರಾಧನೆಯ ವೇಳೆ ಅಭ್ಯರ್ಥಿಯ ಬಗ್ಗೆ ಮಾತಾಡಿದರೆ ಅದು ನಿಷೇಧಕ್ಕೆ ಬರುವುದಿಲ್ಲ ಎಂದು.

ಕುಡ್ಲದಓದುಗ:
ನಮ್ಮಲ್ಲಿಗೂ ಇದು ಬಂದದ್ದೇ. 2005ರ ಜನವರಿಯಲ್ಲಿ ಬೆನ್ನಿ ಹಿನ್ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಮೂರು ದಿನ ಕೂಟ ಮಾಡಿದ್ದರು. ಪರ-ವಿರೋಧದ ಗಲಾಟೆ ಪೇಪರಲ್ಲಿ ಬಂತು. ಆದರೆ ಎರಡು ವರ್ಷ ಬಿಟ್ಟು, 2007ರಲ್ಲಿ ಸೆನೆಟರ್ ಗ್ರಾಸ್ಲಿ ಆರು ಟಿವಿ ಬೋಧಕರ ಲೆಕ್ಕ ಕೇಳಿದಾಗ ಅದರಲ್ಲಿ ಹಿನ್ ಹೆಸರೂ ಇತ್ತು, ಟ್ರಂಪ್‌ರ ಆಪ್ತ ಬೋಧಕಿ ಪೌಲಾ ವೈಟ್ ಹೆಸರೂ ಇತ್ತು. 2011ರಲ್ಲಿ ಯಾರಿಗೂ ದಂಡ ಇಲ್ಲದೆ ಮುಗಿಯಿತು, ಅದೂ ಹೇಳ್ಬೇಕು.

ಈಗ ನಮ್ಮ ಸಭೆಗಳ ಮಾಸಪತ್ರಿಕೆಯವರು ಎಂತ ಮಾಡ್ಬೇಕು? ಅಮೆರಿಕದ ಉದ್ಯಮಿಯ ಸಾಕ್ಷಿ ಅನುವಾದ ಮಾಡಿ ಹಾಕಿದ್ರೆ ಪುಟ ತುಂಬ್ತದೆ, ಖರ್ಚೂ ಇಲ್ಲ.

ಲೆಕ್ಕಪತ್ರ:
ಖರ್ಚಿಲ್ಲದ್ದೇ ಎಚ್ಚರಿಕೆಯ ಗಂಟೆ. ನಮ್ಮ ವಿದೇಶಿ ವಂತಿಗೆ ಕಾಯ್ದೆ, 2010ರ 3ನೇ ಕಲಮು ನೋಂದಾಯಿತ ಪತ್ರಿಕೆಯ ವರದಿಗಾರ, ಅಂಕಣಕಾರ, ಸಂಪಾದಕ, ಮಾಲೀಕ, ಮುದ್ರಕ, ಪ್ರಕಾಶಕ ಯಾರೂ ವಿದೇಶಿ ವಂತಿಗೆ ಪಡೆಯಬಾರದು ಎನ್ನುತ್ತದೆ. ಇಲ್ಲಿ ನಡೆದ ವ್ಯವಹಾರಕ್ಕೆ ರೂಢಿಯಂತೆ ಬಂದ ಹಣ 4ನೇ ಕಲಮಿನಲ್ಲಿ ಹೊರತು. ಜಾಹೀರಾತಿನ ಹಣವಾದರೆ ಬಿಲ್ಲು ಇರಲಿ, ಪುಟದ ಮೇಲೆ 'ಜಾಹೀರಾತು' ಎಂದು ಇರಲಿ.

ಅನುವಾದಕ್ಕೆ ಮುಂಚೆ ಆ ಉದ್ಯಮಿಯ ಹೆಸರಿನ ಮುಂದೆ 'ದಿವಾಳಿ', 'ದಾವೆ', 'ರಾಜಿ' ಎಂದು ಸೇರಿಸಿ ಹುಡುಕಿ. ಅಲ್ಲಿನ ಫೆಡರಲ್ ಕೋರ್ಟ್ ದಾಖಲೆಗಳು ಪೇಸರ್ ಎಂಬ ಜಾಲತಾಣದಲ್ಲಿ ಪುಟಕ್ಕೆ 10 ಸೆಂಟ್, ತ್ರೈಮಾಸಿಕ ಬಿಲ್ಲು 30 ಡಾಲರ್ ದಾಟದಿದ್ದರೆ ಮಾಫಿ. ಪುಸ್ತಕ ಯಾವ ತಿಂಗಳು ಮಾರುಕಟ್ಟೆಗೆ ಬರುತ್ತದೆ ನೋಡಿ, ಸಾಕ್ಷಿಯೂ ಅದೇ ತಿಂಗಳು ಬಂದಿದ್ದರೆ ಅದು ಪ್ರಚಾರ ಸಾಮಗ್ರಿ.

ಮುದ್ರಣದೋಷ:
ಅಂಥ ಲೇಖನದ ತಲೆಯ ಮೇಲೆ ಹೀಗೆ ಹಾಕಬಹುದೇ: 'ಈ ಲೇಖನದ ವಿಷಯವನ್ನು ಒದಗಿಸಿದವರು ಪುಸ್ತಕದ ಪ್ರಕಾಶಕರು. ಇದರಲ್ಲಿನ ಅಂಕಿ-ಅಂಶಗಳನ್ನು ಪತ್ರಿಕೆ ಸ್ವತಂತ್ರವಾಗಿ ಪರಿಶೀಲಿಸಿರುವುದಿಲ್ಲ.'

ಎದುರುದನಿ:
ಎರಡನೇ ವಾಕ್ಯ ಕೈತೊಳೆದುಕೊಳ್ಳುವ ಮಾತು, ತೆಗೆಯಿರಿ. ಪರಿಶೀಲಿಸಿಲ್ಲವಾದರೆ ಅಚ್ಚು ಹಾಕುವುದೇಕೆ?

ಕುಡ್ಲದಓದುಗ:
ತಲೆಯ ಮೇಲೆ ಸಣ್ಣ ಅಕ್ಷರ ಬೇಡ ಮಾರಾಯ್ರೆ, ಆ ಬೈಬಲಿನ ಜಾಲತಾಣದ ಹಾಗೆ ಆಗ್ತದೆ. 'ಇದನ್ನು ಕಳಿಸಿದವರು ಪುಸ್ತಕ ಮಾರುವವರು' ಅಂತ ಶೀರ್ಷಿಕೆಯ ಕೆಳಗೇ, ಲೇಖನದ ಅಕ್ಷರದಷ್ಟೇ ದಪ್ಪದಲ್ಲಿ ಹಾಕಿದ್ರೆ ನಮ್ಮ ಓದುಗರಿಗೆ ಸಾಕು.